ಇಡ್ಲಿ ಪಾತ್ರೆಯಲ್ಲಿ ಬಿಚ್ಚಿದ ಕಳಶ

ಒಂದು ಕಾಗದದ ಕಳಶಕ್ಕೆ ತಗಲುವ ಖರ್ಚು ಇಷ್ಟು: ಗಾಳಿಪಟದ ಕಾಗದ ಹದಿನಾಲ್ಕು ರೂಪಾಯಿಯದು, ಹಿಂದೆ ಮುಂದೆ ರಟ್ಟು ನಾಲ್ಕು ರೂಪಾಯಿಯದು, ಮೈದಾ ಅಂಟು, ದಾರ, ಜರಿ ಎಲ್ಲ ಸೇರಿ ಮೂರು. ಇಪ್ಪತ್ತೊಂದು ರೂಪಾಯಿಯ ಸಾಮಾನು ಅರವತ್ತಕ್ಕೆ ಮಾರಾಟವಾಗುತ್ತದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ನಲವತ್ತಕ್ಕೇ ಸಿಗುತ್ತದೆ. ಒರೆಸಿ ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಲೆಕ್ಕ ಬಲ್ಲವರು ಕಾಗದದ ಕಳಶ ಮಾಡಬಾರದು, ಕೊಳ್ಳಲೂಬಾರದು. ಕಾಮಾಕ್ಷಿಪಾಳ್ಯದ ಪುಟ್ಟಲಕ್ಷ್ಮಿ ಅವರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತು. ಆದರೂ ಬೆಳಕು ಹರಿಯುವ ಮುಂಚೆ ಎದ್ದು ಒಲೆಯ ಮೇಲೆ ಮೈದಾ ಕಲಕುತ್ತಿದ್ದಾರೆ.

ಅಂಟು ಗಟ್ಟಿಯಾಗುವ ಹೊತ್ತಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಹಾಕದಿದ್ದರೆ ಜಿರಳೆ ತಿನ್ನುತ್ತದೆ. ನೀಲಿ ಪುಡಿ ಬಿದ್ದೊಡನೆ ಬಿಳಿ ಅಂಟಿಗೆ ತುಸು ನೀಲಿ ಬಣ್ಣ ಕೂಡುತ್ತದೆ. ಅಂಟು ಆರುವವರೆಗೆ ಅವರು ನೆಲದ ಮೇಲೆ ರಟ್ಟು ಹಾಸಿ, ಅದರ ಮೇಲೆ ರಾಣಿ ಬಣ್ಣದ ತೆಳು ಹಾಳೆಯಿಟ್ಟು, ನಾಲ್ಕು ಮೂಲೆಗೂ ಕಲ್ಲು ಹೇರುತ್ತಾರೆ. ಆಮೇಲೆ ಪೊರಕೆ ಕಡ್ಡಿಯೊಂದನ್ನು ಅಂಟಿನಲ್ಲಿ ಅದ್ದಿ ಗೆರೆ ಎಳೆಯುತ್ತಾರೆ. ಒಂದು ಹಾಳೆಗೆ ಒಂದಷ್ಟು ಗೆರೆ. ಮೇಲಿನ ಹಾಳೆಗೆ ಆ ಗೆರೆಗಳ ನಡುನಡುವೆ ಇನ್ನಷ್ಟು ಗೆರೆ. ಹೀಗೆ ನಲವತ್ತು ಹಾಳೆ ಪೇರಿಸಿ, ಮೇಲೆ ರುಬ್ಬುವ ಗುಂಡು ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಒಣಗಿದ ಮೇಲೆ ಅರ್ಧ ಕಳಶದ ಆಕಾರಕ್ಕೆ ಕತ್ತರಿಸಿ, ಎರಡೂ ಬದಿಗೆ ರಟ್ಟು ಅಂಟಿಸುತ್ತಾರೆ. ಮುಚ್ಚಿದರೆ ಪುಸ್ತಕದ ಹಾಗೆ ಚಪ್ಪಟೆ. ತೆರೆದು ಒಂದು ಸುತ್ತು ತಿರುಗಿಸಿದರೆ ಒಳಗೆ ಜೇನುಗೂಡಿನಂತೆ ಅರಳಿಕೊಂಡು, ಹೊಟ್ಟೆ, ಕುತ್ತಿಗೆ, ತುದಿಯ ಮೊಗ್ಗು ಎಲ್ಲ ಸೇರಿ ತುಂಬಿದ ಕಳಶ ನಿಲ್ಲುತ್ತದೆ. ಗಣಪತಿ ಕೂರುವ ಕಾಗದದ ಮಂಟಪಕ್ಕೆ ಅದೇ ಶಿಖರ.

ಬಾಗಿಲು ಪೂರ್ತಿ ತೆರೆದಿದೆ. ಗಾಳಿ ಬೀಸಿದಾಗೆಲ್ಲ ಹಾಳೆಯ ಅಂಚು ಪಟಪಟ ಅನ್ನುತ್ತದೆ, ಪುಟ್ಟಲಕ್ಷ್ಮಿ ಮೊಣಕೈಯಿಂದ ಅದುಮಿ ಹಿಡಿಯುತ್ತಾರೆ. ಬಾಗಿಲು ಹಾಕಿಕೊಂಡರೆ ಸುಲಭವಲ್ಲವೆ ಎಂದರೆ, "ಸುಲಭವೇ. ಆ ಸುಲಭಕ್ಕೇ ಅಲ್ವಾ ಈ ವರ್ಷ ಇಷ್ಟು ಒದ್ದಾಡಿದ್ದು?" ಎನ್ನುತ್ತಾರೆ.

ಆ ಒದ್ದಾಟದ ಕಥೆ ಅವರ ಗಂಡ ವೆಂಕಟಗಿರಿ ಅವರಿಂದ ಶುರುವಾಗುತ್ತದೆ. ವೆಂಕಟಗಿರಿ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಪ್ರೆಸ್ಸೊಂದರಲ್ಲಿ ಬೈಂಡರ್ ಆಗಿದ್ದರು. ಪ್ರೆಸ್ಸು ಮುಚ್ಚಿದಾಗ ಅವರ ಕೈಯಲ್ಲಿ ಉಳಿದದ್ದು ಕಾಗದ ಮತ್ತು ಅಂಟಿನ ವಿದ್ಯೆ ಮಾತ್ರ. ಆಗ ಪಶ್ಚಿಮ ಬೆಂಗಳೂರಿನ ಬೀದಿಗಳಿಗೆ ಕಾಗದ ಬೇಕಾಗಿತ್ತು. ಗೌರಿ ಹಬ್ಬಕ್ಕೆ ಮಂಟಪ, ದಸರೆಯ ಗೊಂಬೆ ಮೆಟ್ಟಿಲಿಗೆ ಜಾಲರಿ, ದೀಪಾವಳಿಗೆ ಆಕಾಶಬುಟ್ಟಿ, ನವೆಂಬರಿಗೆ ಈ ಮನೆಯ ತಾರಸಿಯಿಂದ ಎದುರು ಮನೆಯ ತಾರಸಿಗೆ ಹಳದಿ ಕೆಂಪು ತೋರಣ. ಮಾರೇನಹಳ್ಳಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚಂದಾ ಎತ್ತಿ ಬಣ್ಣದ ಕಾಗದ ಕೊಳ್ಳುತ್ತಿದ್ದರು. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಬೀದಿಯ ನೀರೆಲ್ಲ ಕೆಂಪಗೆ ಹರಿಯುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಉಳಿದ ಹಾಳೆ ಹಿಡಿದು ಮತ್ತೆ ಏಣಿ ಹತ್ತುತ್ತಿದ್ದರು.

"ಬಸ್ಸಲ್ಲಿ ಬರೋರು ಜನ, ಕೆಂಗೇರಿಯಿಂದ, ಮಾಗಡಿ ರೋಡಿಂದ. ಮಂಟಪ ಮಡಚಿ ಕಂಕುಳಲ್ಲಿ ಇಟ್ಕೊಂಡು ಹೋಗೋರು. ಒಂದು ಕೈಯಲ್ಲಿ ಗಣಪತಿ, ಇನ್ನೊಂದು ಕೈಯಲ್ಲಿ ಗರಿಕೆ, ಬಾಳೆಕಂದು. ಮೂರನೇ ಕೈ ಎಲ್ಲಿಂದ ತರಬೇಕು? ಅದಕ್ಕೇ ನಮ್ಮನೆಯವರು ಮಡಚೋ ಕಳಶ ಮಾಡಿದ್ದು," ಎನ್ನುತ್ತಾರೆ ಪುಟ್ಟಲಕ್ಷ್ಮಿ.

ಮನೆಯಲ್ಲಿ ಕೆಲಸ ಎರಡು ಪಾಲಾಗಿತ್ತು. ಗೆರೆ ಗಂಡನದು, ಕತ್ತರಿ ಹೆಂಡತಿಯದು. ಗಾಳಿಪಟದ ಕಾಗದಕ್ಕೆ ಉಸಿರು ತಾಕಿದರೂ ಹಾರುತ್ತದೆ, ಫ್ಯಾನ್ ಹಾಕುವ ಹಾಗಿಲ್ಲ. ಸೆಖೆ ಏರುವ ಮುಂಚೆ, ನಸುಕಿನಲ್ಲಿ, ಗಾಳಿ ನುಗ್ಗದಂತೆ ಬಾಗಿಲು ಮುಚ್ಚಿಕೊಂಡು ವೆಂಕಟಗಿರಿ ಗೆರೆ ಎಳೆಯುತ್ತಿದ್ದರು. ಅದೇ ಹೊತ್ತಿಗೆ ಪುಟ್ಟಲಕ್ಷ್ಮಿ ಬೀದಿ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಇಟ್ಟು ನಿಂತಿರುತ್ತಿದ್ದರು. ವಾಪಸು ಬರುವಷ್ಟರಲ್ಲಿ ಹಾಳೆಗಳೆಲ್ಲ ರುಬ್ಬುವ ಗುಂಡಿನ ಕೆಳಗೆ. ಮನೆಗೆ ನಲ್ಲಿ ಬಂತು, ಅಭ್ಯಾಸ ಬದಲಾಗಲಿಲ್ಲ. ಮುಚ್ಚಿಡುವ ಉದ್ದೇಶ ಅವರಿಗೂ ಇರಲಿಲ್ಲ, ಕೇಳಬೇಕು ಎಂದು ಇವರಿಗೂ ಹೊಳೆಯಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ವಾರದಲ್ಲಿ ವೆಂಕಟಗಿರಿ ಹೃದಯಾಘಾತದಿಂದ ತೀರಿಕೊಂಡರು. ಕೆಂಗೇರಿಯಲ್ಲಿ ನರ್ಸ್ ಆಗಿರುವ ಮಗಳು ಚೈತ್ರ, "ಸಾಕಮ್ಮ, ಬೀಗ ಹಾಕಿ ಬಂದ್ಬಿಡು," ಎಂದಳು. ಈ ಗಣಪತಿ ಹಬ್ಬ ನೋಡಿಕೊಂಡು ಬರುತ್ತೇನೆ ಎಂದು ತಾಯಿ ತಡೆದರು. ಆ ಹಬ್ಬವಾದರೂ ನಿಂತದ್ದು ಒಂದು ಆರ್ಡರಿನ ಮೇಲೆ. ಮಹಾಲಕ್ಷ್ಮಿ ಲೇಔಟಿನ ಬೀದಿಯೊಂದರ ಗಣೇಶ ಸಮಿತಿಯವರು ದೊಡ್ಡ ಮಂಟಪಕ್ಕೂ ಮನೆಮನೆಗೆ ಹಂಚಲಿಕ್ಕೂ ಸೇರಿಸಿ ಪ್ರತಿ ವರ್ಷ ಇನ್ನೂರು ಕಳಶ ಒಯ್ಯುತ್ತಾರೆ. ಅದು ಸಿಕ್ಕಿದರೆ ದಸರೆಯವರೆಗಿನ ಬಾಡಿಗೆ ಹುಟ್ಟುತ್ತದೆ. ಇಲ್ಲದಿದ್ದರೆ ಬೀಗವೇ ಗತಿ.

ಸಮಿತಿಯ ಮಹದೇವ್ ಆಷಾಢದಲ್ಲೇ ಬಂದು ಕೂತರು. ಹೇಳಲಿಕ್ಕೆ ಅವರಿಗೂ ಮುಜುಗರ.

"ಹುಡುಗರು ಎಲ್‌ಇಡಿ ಹಾಕ್ಸೋಣ ಅಂತಿದಾರಮ್ಮ. ನಾನು ತಡ್ಕೊಂಡಿದೀನಿ. ಅಣ್ಣ ಇಲ್ವಲ್ಲ, ಆಗುತ್ತಾ ನಿಮ್ಮ ಕೈಲಿ?"

"ಯಾಕಾಗಲ್ಲ?"

"ಹಂಗಾದ್ರೆ ಶ್ರಾವಣ ಶುರುವಾಗೋ ಅಷ್ಟೊತ್ತಿಗೆ ಒಂದು ಪೀಸ್ ಮಾಡಿ ತೋರಿಸಿ. ಅದೇ ಕಳಶ ಇರಬೇಕು, ಆಯ್ತಾ?"

ಯಾಕಾಗಲ್ಲ ಎಂದದ್ದೇನೋ ಆಯಿತು. ಮರುದಿನ ಪುಟ್ಟಲಕ್ಷ್ಮಿ ಗೆರೆ ಎಳೆದು, ಒತ್ತಿ, ಕತ್ತರಿಸಿ, ತೆರೆದರು. ಪಕ್ಕದ ಮನೆಯ ಸುಮಾ, ಗಾರ್ಮೆಂಟ್ಸ್ ಕೆಲಸ ಬಿಟ್ಟು ಇವರ ಜೊತೆ ಅಂಟಿಸಲು ಬರುವವರು, ನೋಡಿ ನಕ್ಕೇಬಿಟ್ಟರು: "ಅಕ್ಕಾ, ಇದು ಕಳಶ ಅಲ್ಲ. ಆಯುಧಪೂಜೆ ಕುಂಬಳಕಾಯಿ. ಒಳಗಡೆ ಕುಂಕುಮ ತುಂಬಿ ಲಾರಿ ಮುಂದೆ ಒಡೀಬೋದು."

ಕತ್ತರಿ ತಪ್ಪಿರಲಿಲ್ಲ, ತಪ್ಪಿದ್ದು ಗೆರೆ. ದುಂಡನೆಯ ಚೆಂಡಿಗಾದರೆ ಗೆರೆ ಸಮಸಮ ಇದ್ದರೆ ಸಾಕು. ಕಳಶಕ್ಕೆ ಹೊಟ್ಟೆಯ ಹತ್ತಿರ ಒಂದು ಅಂತರ, ಕುತ್ತಿಗೆಯ ಹತ್ತಿರ ಇನ್ನೊಂದು. ಆ ಅಂತರ ಮಣ್ಣಿಗೆ ಹೋದ ಕೈಯಲ್ಲಿತ್ತು. ನೋಡಿಕೊಂಡು ಮಾಡೋಣ ಎಂದರೆ ಮನೆಯಲ್ಲಿ ಹಳೆಯ ಕಳಶ ಒಂದೂ ಇಲ್ಲ. ಹಬ್ಬಕ್ಕೆ ಮಾಡಿದ್ದು ಹಬ್ಬ ಮುಗಿದ ಮೇಲೆ ಮನೆಯಲ್ಲಿ ಉಳಿಯಬಾರದು ಎಂಬುದು ವೆಂಕಟಗಿರಿ ಅವರ ನೇಮ. ಮಿಕ್ಕಿದ್ದನ್ನು ಬೀದಿ ಗಣಪತಿಗೆ ಕೊಟ್ಟುಬಿಡುತ್ತಿದ್ದರು. ಮಾರಿದ್ದೆಲ್ಲ ಗಣಪತಿಯ ಜೊತೆ ನೀರಿಗೆ ಹೋಗಿತ್ತು.

ಒಂದನ್ನು ಬಿಟ್ಟು. ಬಸವೇಶ್ವರನಗರದ ಹಳೆಯ ಗಿರಾಕಿ ಅಕ್ಕಯ್ಯಮ್ಮನವರ ಮನೆಯಲ್ಲಿರುವುದು ಬೆಳ್ಳಿ ಗಣಪತಿ. ಬೆಳ್ಳಿ ಗಣಪತಿಯನ್ನು ಯಾರು ನೀರಿಗೆ ಬಿಡುತ್ತಾರೆ? ಹಾಗಾಗಿ ಮಂಟಪವೂ ಉಳಿದಿತ್ತು, ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು, ಅಟ್ಟದ ಮೇಲೆ. ಹಿಂದೆ ಒಮ್ಮೆ ಅದರ ದಾರ ಬದಲಾಯಿಸಲು ಹೋಗಿದ್ದ ನೆನಪು ಪುಟ್ಟಲಕ್ಷ್ಮಿಗೆ. ಎಂಬತ್ತು ದಾಟಿದ ಅಕ್ಕಯ್ಯಮ್ಮ ಕಳಶವನ್ನು ಇಳಿಸಿ ತೋರಿಸಿದರು. ಪುಟ್ಟಲಕ್ಷ್ಮಿ ದಾರ ಹಿಡಿದು ಅಂಚಿನ ಅಂತರಗಳನ್ನೆಲ್ಲ ಅಳೆದುಕೊಂಡು ಬಂದು ಮತ್ತೆ ಮಾಡಿದರು. ಈ ಸಲ ಬಂದದ್ದು ಸೋರೆಕಾಯಿ.

ಅಂಚಿನಲ್ಲಿ ಕಾಣುವುದು ಗೆರೆಯ ತುದಿ ಮಾತ್ರ. ಒಳಗೆ ಅದು ನೆಟ್ಟಗೆ ಹೋಗಿದೆಯೋ ವಾಲಿದೆಯೋ ತಿಳಿಯಬೇಕಾದರೆ ಹಾಳೆ ಹಾಳೆ ಬಿಡಿಸಲೇಬೇಕು. ಪುಟ್ಟಲಕ್ಷ್ಮಿ ಎರಡನೆಯ ಸಲ ಬಸವೇಶ್ವರನಗರಕ್ಕೆ ಹೋದರು.

"ಅದನ್ನ ಬಿಚ್ಚಬೇಕಾಗಿತ್ತು ಅಮ್ಮ."

"ಬಿಚ್ಚಿ ಮತ್ತೆ ಅಂಟಿಸ್ತೀಯಾ?"

"ಆಗಲ್ಲ. ಗಾಳಿಪಟದ ಕಾಗದ ಒಂದ್ಸಲ ಬಿಟ್ರೆ ಮತ್ತೆ ಸೇರಲ್ಲ."

"ಅಂದ್ರೆ ನನ್ನ ಗಣಪತಿ ತಲೆ ಮೇಲಿನ ಸೂರು ಕಿತ್ಕೊಂಡು ಹೋಗಕ್ಕೆ ಬಂದಿದೀಯ."

"ಹೊಸದು ಮಾಡ್ಕೊಡ್ತೀನಿ."

"ಬರದೇ ಹೋದ್ರೆ?"

"ಬರದೇ ಹೋದ್ರೆ ನಿಮಗೂ ಇಲ್ಲ, ನನಗೂ ಇಲ್ಲ."

ಅಕ್ಕಯ್ಯಮ್ಮ ಎದ್ದು ಒಳಗೆ ಹೋದರು. ಕೋಪ ಬಂತೆಂದು ಪುಟ್ಟಲಕ್ಷ್ಮಿ ಚಪ್ಪಲಿ ಹುಡುಕುತ್ತಿದ್ದರು. "ಕೂತ್ಕೊಳ್ಳೇ, ಕಾಫಿ ಇಟ್ಟಿದೀನಿ," ಎಂದು ಒಳಗಿನಿಂದ ಕೂಗು ಬಂತು. ಕಾಫಿಯಾದ ಮೇಲೆ ಆ ಹಿರಿಯರು ಕಳಶಕ್ಕೆ ಅರಿಶಿನ ಕುಂಕುಮ ಇಟ್ಟು, ಎರಡು ಕಾಳು ಅಕ್ಷತೆ ಹಾಕಿ, ಕೈಯಿಂದ ಅದನ್ನು ಕೂತ ಜಾಗದಿಂದ ಒಂದು ಚೂರು ಸರಿಸಿದರು. ಹಬ್ಬ ಮುಗಿಸಿ ಗಣಪತಿಯನ್ನು ಕದಲಿಸುತ್ತಾರಲ್ಲ, ಹಾಗೆ.

"ಇಷ್ಟು ವರ್ಷ ಇದಕ್ಕೆ ವಿಸರ್ಜನೆ ಆಗಿರಲಿಲ್ಲ. ಈಗ ಆಯ್ತು. ತಗೊಂಡು ಹೋಗು," ಎಂದರು.

ಒಣಗಿದ ಮೈದಾ ಅಂಟು ನೀರಿಗೆ ಹಾಕಿದರೆ ಬಿಡುತ್ತದೆ, ಆದರೆ ಕಾಗದವೂ ಕರಗುತ್ತದೆ. ಹದವಾದ ಹಬೆ ಬೇಕು. ಮರುದಿನ ನಸುಕಿನಲ್ಲಿ ಪುಟ್ಟಲಕ್ಷ್ಮಿ ಇಡ್ಲಿ ಪಾತ್ರೆಗೆ ನೀರಿಟ್ಟು, ತಟ್ಟೆಯ ಮೇಲೆ ಬಟ್ಟೆ ಹಾಸಿ, ಕಳಶವನ್ನು ಮಲಗಿಸಿದರು.

"ಇಡ್ಲಿ ಪಾತ್ರೇಲಿ ಕಳಶ ಬೇಯಿಸಿದೋರು ಊರಲ್ಲಿ ನಾವೇ ಮೊದಲು ಕಣಕ್ಕಾ," ಎಂದು ಸುಮಾ ತಮಾಷೆ ಮಾಡಿದರು. ಇವರು ನಗಲಿಲ್ಲ. ಸುಮಾ ಹೋಗಿ ಬಾಗಿಲು ಮುಚ್ಚಿದರು, ಗಾಳಿ ಬರದಿರಲೆಂದು.

ಮೊದಲ ಹಾಳೆಗಳು ಕೈಗೇ ಅಂಟಿಕೊಂಡು ಹರಿದವು. ರಾಣಿ ಬಣ್ಣ ಬೆವರಿ ಪಾತ್ರೆಯೊಳಗೆ ತೊಟ್ಟಿಕ್ಕಿತು. ನಡುವಿನ ಹಾಳೆಯೊಂದು ಮಾತ್ರ ಇಡಿಯಾಗಿ ಬಿಟ್ಟುಕೊಂಡಿತು. ಬೆಳಕಿಗೆ ಹಿಡಿದರೆ ಬಣ್ಣ ಮಾಸಿದ ಆ ಹಾಳೆಯ ಮೇಲೆ ಮೈಲುತುತ್ತದ ನೀಲಿ ಗೆರೆಗಳು ಹಾಗೇ ಇದ್ದವು. ಒಂದೂ ನೆಟ್ಟಗಿರಲಿಲ್ಲ. ಎಲೆಯ ನರಗಳ ಹಾಗೆ ಎಲ್ಲವೂ ಹಾಳೆಗಳು ಕೂಡುವ ಬೆನ್ನಿನ ಕಡೆಗೆ ಇಳಿಜಾರಾಗಿದ್ದವು, ಕುತ್ತಿಗೆಯಲ್ಲಿ ಮಾತ್ರ ಒತ್ತೊತ್ತಾಗಿ.

"ಅವರ ಕೈಬರಹ ನೋಡ್ದಂಗಾಯ್ತು. ಇಷ್ಟು ವರ್ಷ ಒಂದೇ ಮನೇಲಿ ಬಾಳಿದೀವಿ, ಅವರ ಗೆರೆ ನಾನು ನೋಡಿದ್ದು ಅವತ್ತೇ ಮೊದಲು," ಎನ್ನುವಾಗ ಪುಟ್ಟಲಕ್ಷ್ಮಿ ಕಡ್ಡಿ ಕೆಳಗಿಡುತ್ತಾರೆ. "ಆಮೇಲೆ ಬೈದೆ ಅನ್ನಿ. ಬದುಕಿದ್ದಾಗ ಒಂದು ದಿನ ಕರೆದು ತೋರಿಸಿದ್ರೆ ಗಂಟೇನು ಹೋಗ್ತಿತ್ತು ನಿಂದು ಅಂತ."

ಒದ್ದೆ ಹಾಳೆ ಒಣಗಿ ಮುದುಡುವ ಮುಂಚೆ ರಟ್ಟಿನ ಮೇಲೆ ಹಾಸಿ, ಗೆರೆಗುಂಟ ಗುಂಡುಸೂಜಿಯಿಂದ ಚುಚ್ಚಿ ತೂತು ಮಾಡಿದರು. ಆ ರಟ್ಟು ಈಗ ಮೊಳೆಗೆ ತೂಗುಬಿದ್ದಿದೆ. ಹಾಳೆ ಉಳಿಯಲಿಲ್ಲ. ರಟ್ಟು ನೋಡಿ ಎಳೆದ ಗೆರೆಯಿಂದ ಮೂರನೆಯ ಸಲ ಅರಳಿದ್ದು ಕಳಶವೇ.

ಮಹದೇವ್ ಬಂದು ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆದರು. "ಎಲ್‌ಇಡಿನೂ ಇರುತ್ತಮ್ಮ, ಹುಡುಗರ ಬಾಯಿ ಮುಚ್ಚಿಸಬೇಕಲ್ಲ. ಕಳಶ ಮಾತ್ರ ನಿಮ್ಮದೇ," ಎಂದು ಮುಂಗಡ ಕೊಟ್ಟರು. ಇನ್ನೂರರ ಬದಲು ನೂರಿಪ್ಪತ್ತು. ಬಾಡಿಗೆ ಪೂರ್ತಿ ಹುಟ್ಟುವುದಿಲ್ಲ, ಬೀಗವನ್ನೂ ಹಾಕಬೇಕಾಗಿಲ್ಲ. ಈಗ ದಿನಕ್ಕೆ ಎಂಟೋ ಒಂಬತ್ತೋ ಕಳಶ ಆಗುತ್ತವೆ. ಮನೆಯ ಹಿಂದಿನ ಕೈಗಾರಿಕಾ ಶೆಡ್ಡಿನ ಯಂತ್ರಗಳು ಸದ್ದು ಶುರುಮಾಡುವ ಮುಂಚೆ ಗೆರೆಯ ಕೆಲಸ ಮುಗಿಯಬೇಕು, ನೆಲ ಅದುರಿದರೆ ಕಡ್ಡಿ ಜಾರುತ್ತದೆ. ಮಗಳು ಭಾನುವಾರ ಬಂದರೆ ರಟ್ಟು ಕತ್ತರಿಸಿಕೊಟ್ಟು ಹೋಗುತ್ತಾಳೆ. ಬೀಗದ ಮಾತು ಎತ್ತುವುದಿಲ್ಲ.

ಸರಿಯಾಗಿ ಬಂದ ಆ ಮೊದಲ ಕಳಶ ಮಾತ್ರ ಮಹಾಲಕ್ಷ್ಮಿ ಲೇಔಟಿಗೆ ಹೋಗಲಿಲ್ಲ. ಅದನ್ನು ಪುಟ್ಟಲಕ್ಷ್ಮಿ ಬಸವೇಶ್ವರನಗರಕ್ಕೆ ಒಯ್ದರು. ಅಕ್ಕಯ್ಯಮ್ಮ ಕನ್ನಡಕ ಹಾಕಿಕೊಂಡು, ಸುತ್ತಲೂ ತಿರುಗಿಸಿ ನೋಡಿದರು.

"ಕುತ್ತಿಗೆ ಚೂರು ದಪ್ಪ ಬಂದಿದೆ ಕಣೇ."

"ಅದು ನನ್ನ ಕೈಯಮ್ಮ. ಅವರದ್ದು ಅಲ್ಲ."

"ಇರಲಿ ಬಿಡು. ಗಣಪತಿಗೂ ಕುತ್ತಿಗೆ ದಪ್ಪವೇ," ಎಂದು ಅವರು ಅದನ್ನು ಮಂಟಪದ ಮೇಲೆ ಕೂರಿಸಿದರು.

ಬೀದಿಗೆ ಬೆಳಕು ಬಂದಿದೆ. ಸುಮಾ ತೆರೆದ ಬಾಗಿಲಿಂದ ಒಳಗೆ ಬಂದು, ಪೊರಕೆ ಕಡ್ಡಿ ಹಿಡಿದು ಪಕ್ಕದ ಹಾಳೆಗೆ ಕೂರುತ್ತಾರೆ. ಮೊಳೆಯಲ್ಲಿರುವ ರಟ್ಟಿನತ್ತ ಅವರು ನೋಡುವುದಿಲ್ಲ, ಆಗಲೇ ಗೆರೆ ಕೈಗೆ ಹತ್ತಿದೆ. ಒಂದು ಹಾಳೆ ಗಾಳಿಗೆ ಎದ್ದು ಹೊಸಿಲು ದಾಟುತ್ತದೆ. ಪುಟ್ಟಲಕ್ಷ್ಮಿ ಎದ್ದು ಹೋಗಿ ಹಿಡಿದು ತರುತ್ತಾರೆ, ಬಾಗಿಲು ಮಾತ್ರ ಮುಚ್ಚುವುದಿಲ್ಲ.

"ಬೆಳಿಗ್ಗೆ ನಾಕು ಹಾಳೆ ಹಾರಿಹೋಗುತ್ತೆ, ಹೋಗಲಿ. ನಾಳೆ ಯಾರೂ ನನ್ನ ಕಳಶ ಬೇಯಿಸೋ ಹಂಗಾಗಬಾರದು. ನನಗೆ ಇರೋದು ಅದೊಂದೇ ಆಸೆ," ಎನ್ನುತ್ತಾರೆ.

ವೆಂಕಟಗಿರಿಯವರು ಮಾಡಿದ ಕಳಶ ಈಗ ಒಂದೂ ಉಳಿದಿಲ್ಲ. ಅವರ ಗೆರೆ ಬಲ್ಲ ಕೈಗಳು ಎರಡಾಗಿವೆ.