ಸೂಜಿಯಕ್ಕ ಹೊಲಿದ ಬಿಲ್ಲೆ

ಬಂದರಿನವರೆಲ್ಲ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ಗೋದಾಮಿನ ಮಹಡಿಯಲ್ಲಿ ದೋಣಿಗಳ ಹಾಯಿ ಹಾಸಿ, ಮಂಡಿಯೂರಿ ಹೊಲಿದವಳು. ಕೊಂಚ ಜಂಬವೂ ಇತ್ತೆನ್ನಿ. "ನನ್ನ ಹೊಲಿಗೆ ಬಿಚ್ಚಿದ್ರೆ ಬಂದು ಕೇಳಿ. ನಂದಲ್ಲ ಅಂತ ಯಾವತ್ತೂ ಹೇಳೋದಿಲ್ಲ" ಎನ್ನುತ್ತಿದ್ದಳು.

ಆಮೇಲೆ ಬಿಲ್ಲೆ ಬಂತು. ದೇಶದ ಹಾಯಿದೋಣಿ ಸಂಘಕ್ಕೆ ಬೇರೆ ವರಮಾನವಿಲ್ಲ. ಸ್ಪರ್ಧಿಗಳೇ ಅದಕ್ಕೆ ಕರೆಯುವ ಹಸು. ಸದಸ್ಯತ್ವಕ್ಕೆ ಶುಲ್ಕ, ಸ್ಪರ್ಧೆಗೆ ಶುಲ್ಕ, ಸಾಲದೆಂದು ಪ್ರತಿ ಹೊಸ ಹಾಯಿಗೂ ಶುಲ್ಕ. ಕಟ್ಟಿದ್ದಕ್ಕೆ ಗುರುತು, ನಂಬರಿರುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಹಾಯಿಯ ಮೂಲೆಗೆ ಹೊಲಿಯುವ ಕೆಲಸವನ್ನು ಸಂಘ ಸೂಜಿಯಕ್ಕನಿಗೇ ಕೊಟ್ಟಿತು. ಅದರಿಂದಲೇ ಮನೆ ನಡೆಯುತ್ತಿತ್ತು.

ಹಾಯಿದೋಣಿ ಓಡಿಸುತ್ತಿದ್ದ ಮಗಳಿಗೆ ಹದಿನೆಂಟು ತುಂಬುವುದರಲ್ಲಿತ್ತು. ಕಿರಿಯರ ಸ್ಪರ್ಧೆಗೆ ಅದೇ ಕೊನೆಯ ವರ್ಷ. ಗೆದ್ದರೆ ದೇಶದ ತಂಡ. ಹಾಯಿಯನ್ನೇನೋ ತಾಯಿ ಉಳಿಕೆ ಬಟ್ಟೆಯಲ್ಲಿ ಹೊಲಿದಳು. ಬಿಲ್ಲೆಗೆ ಮಾತ್ರ ಒಂದು ತಿಂಗಳ ದುಡಿಮೆ ಸುರಿಯಬೇಕು. ಯಾರೋ ಎಸೆದ ಹರಕು ಹಾಯಿಯಿಂದ ಹಳೇ ಬಿಲ್ಲೆ ಬಿಚ್ಚಿ ತಂದಳು. ಬಟ್ಟೆಯಾದರೆ ಉಗುರಲ್ಲಿ ಉಜ್ಜಿದರೆ ಸೂಜಿಯ ತೂತು ಮುಚ್ಚುತ್ತದೆ, ಪ್ಲಾಸ್ಟಿಕ್ಕಿನದು ಮುಚ್ಚುವುದಿಲ್ಲ. ಅದಕ್ಕೇ ಹಳೇ ತೂತುಗಳಲ್ಲೇ ಸೂಜಿ ತೂರಿಸುತ್ತ ಹೋದಳು. ಕಣ್ಣು ಮಂಜಾಗಿತ್ತು. ಎರಡು ತೂತು ತಪ್ಪಿಹೋದವು.

ಸ್ಪರ್ಧೆಯ ಬೆಳಿಗ್ಗೆ ಸಂಘದ ತಪಾಸಣೆಯವರು ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ಖಾಲಿ ತೂತುಗಳೆರಡರ ಮೇಲೆ ಬೆರಳಾಡಿಸಿದರು. ಬೇರೆ ಹಾಯಿಯಿಂದ ಬಿಚ್ಚಿದ ಬಿಲ್ಲೆಯೆಂದು ತಿಳಿಯಿತು.

"ಯಾರಮ್ಮ ಇದನ್ನ ಹೊಲಿದದ್ದು?"

ಸೂಜಿಯಕ್ಕ ಅಲ್ಲೇ ನಿಂತಿದ್ದಳು. ಕೆಲಸ ಹೋಗುತ್ತದೆ, ಮನೆ ಬಾಡಿಗೆ ಕೊಡುವುದು ಹೇಗೆ, ಇಷ್ಟೇ ತಲೆಯಲ್ಲಿ.

"ನಾನೇ ಸಾರ್" ಎಂದಳು ಮಗಳು. "ಅಮ್ಮಂಗೆ ಏನೂ ಗೊತ್ತಿಲ್ಲ."

ಒಂದು ಗುಂಡಿ ಹೊಲಿಯಲೂ ಬಾರದ ಹುಡುಗಿ! ಹೊಲಿಗೆ ಯಾರದೆಂದು ತಪಾಸಣೆಯವರಿಗೂ ಅನುಮಾನವಿತ್ತು. ಸೂಜಿಯಕ್ಕನ ಮುಖ ನೋಡಿ ಸ್ವಲ್ಪ ಹೊತ್ತು ಕಾದರು. ಅವಳು ನೆಲ ನೋಡುತ್ತಿದ್ದಳು. ಎರಡು ವರ್ಷ ನಿಷೇಧ ಎಂದು ಬರೆದುಕೊಂಡರು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ; ಇಲ್ಲಿ ಮಾಡಿದವಳು ತಾಯಿ, ಉಂಡವಳು ಮಗಳು.

ಮರುದಿನ ಸಂಘದಿಂದ ನಲವತ್ತು ಹೊಸ ಬಿಲ್ಲೆ ಬಂದವು. ಸೂಜಿಯಕ್ಕ ಅವುಗಳ ಮುಂದೆ ಸುಮ್ಮನೆ ಕೂತಿದ್ದಳು. ಮಗಳು ಮಹಡಿ ಹತ್ತಿ ಬಂದು ಪಕ್ಕದಲ್ಲಿ ಮಂಡಿಯೂರಿದಳು.

"ಅಮ್ಮಾ, ನಂಗೂ ಹೊಲಿಯೋದು ಕಲಿಸು."

"ನಿಂಗ್ಯಾಕೆ ಈ ಕೆಲಸ?"

"ಯಾರಾದ್ರೂ ಹೊಲಿದು ತೋರ್ಸು ಅಂದ್ರೆ ತೋರಿಸ್ಬೇಕಲ್ಲ."

ಸೂಜಿಯಕ್ಕ ದಾರ ಪೋಣಿಸಲು ಹೋದಳು. ಆಗಲಿಲ್ಲ. ಮಗಳೇ ಸೂಜಿ ತೆಗೆದುಕೊಂಡು ಪೋಣಿಸಿದಳು.