ಅತಿಥಿಗಳಿಗೆ ಬಾಗಿಲು ಹಾಕಿದ ತ್ಸಿಯಾಲಾ

ನಮ್ಮ ಕುಟೈಸಿ ಊರಿನಲ್ಲಿ ಮನೆಗೆ ಬಂದವರಿಗೆ ಬಾಗಿಲು ಹಾಕಿದ ಹೆಂಗಸು ಅಂದರೆ ತ್ಸಿಯಾಲಾ ಒಬ್ಬಳೇ. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವತ್ತು ಯಾರಾದರೂ ಅವಳನ್ನು ಒಂದು ಮಾತು ಅಂದರೆ ನಾನು ಸುಮ್ಮನಿರುವವನಲ್ಲ.

ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸ್ ಅವಳು. ಮದುವೆಯ ಉಂಗುರವನ್ನೂ ಬೆರಳಿಗೆ ಹಾಕದೆ ಅಂಗಿಯೊಳಗೆ ಪಿನ್ನಿನಲ್ಲಿ ಸಿಕ್ಕಿಸಿಕೊಂಡಿರುತ್ತಾಳೆ. ಉಂಗುರದ ಸಂದಿಯಲ್ಲಿ ಕೊಳೆ ಕೂರುತ್ತದಂತೆ. ಅವಳ ಬರಿ ಬೆರಳು ನೋಡಿ ಊರೆಲ್ಲ ತನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದೆ ಎಂದು ಗಂಡ ನೋದಾರಿ ಗೊಣಗುತ್ತಿದ್ದ.

ಆ ನೋದಾರಿ ದ್ರಾಕ್ಷಿ ಚಪ್ಪರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಪರೇಷನ್ ಮಾಡಿ, ಸ್ಟೀಲ್ ಪ್ಲೇಟ್ ಹಾಕಿ ಮನೆಗೆ ಕಳಿಸಿದರು. ರೋಗಿಯನ್ನು ನೋಡಲು ನಮ್ಮ ವಠಾರದಲ್ಲಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ನಾನು ವೈನ್ ಒಯ್ದೆ. ಹೆಂಗಸರು ಚೀಸ್ ರೊಟ್ಟಿ ಒಯ್ದರು, ಜೊತೆಗೆ ತಂತಮ್ಮ ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನೂ. ನನ್ನ ಹೆಂಡತಿ ಏತೇರಿಯದು ಅರ್ಧ ಸ್ಟ್ರಿಪ್. ತ್ಸಿಯಾಲಾ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೋದಾರಿ ಯಾರ ಮನಸ್ಸೂ ನೋಯಬಾರದೆಂದು ಇವರದೊಂದು ಅವರದೊಂದು ನುಂಗಿದ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಗಾಯದಲ್ಲಿ ಕೀವು ತುಂಬಿತು. ಪರೀಕ್ಷೆ ಮಾಡಿಸಿದ ಡಾಕ್ಟರು, ಈ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಯಾವ ಔಷಧಕ್ಕೂ ಬಗ್ಗುತ್ತಿಲ್ಲ ಎಂದರು. ಅರೆಬರೆ ಮಾತ್ರೆಗೆ ಅವುಗಳಲ್ಲಿ ಬಡಪಾಯಿಗಳು ಸತ್ತು, ಗಟ್ಟಿಪಿಂಡಗಳು ಉಳಿದು ಬೆಳೆದಿರಬಹುದಂತೆ. ಇವುಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್ ರಾಜಧಾನಿ ಟಿಬಿಲಿಸಿಯ ಪ್ರಯೋಗಾಲಯದಲ್ಲಿ ಸಿಕ್ಕಿ, ಅದು ನಾಟಿದರೆ ಸರಿ. ಇಲ್ಲವಾದರೆ ಕಾಲು ತೆಗೆಯಬೇಕು.

ಅಂದು ಸಂಜೆ ನಾನು ವೈನಿನ ಹೂಜಿ ಹಿಡಿದು ಹೋದರೆ ತ್ಸಿಯಾಲಾ ಹೊಸ್ತಿಲಲ್ಲೇ ತಡೆದಳು.

“ಒಳಗೆ ಬರಬೇಡ ವಾಝಾ. ಯಾರೂ ಬರಬೇಡಿ.”

“ಅತಿಥೀನ ದೇವರೇ ಕಳಿಸೋದು ಕಣೇ. ನಿಮ್ಮಮ್ಮ ಹೇಳಿಕೊಟ್ಟಿಲ್ವಾ?”

“ಹೇಳಿಕೊಟ್ಟಿದ್ದಾಳೆ. ಆ ದೇವರ ಹತ್ರ ನಾನೇ ಮಾತಾಡ್ಕೋತೀನಿ. ನೀನು ಮನೆಗೆ ಹೋಗು.”

ಬಾಗಿಲು ಹಾಕಿಕೊಂಡಳು. ವಠಾರ ಅವಳ ಜೊತೆ ಮಾತು ಬಿಟ್ಟಿತು. ಅಂಗಳದ ನಲ್ಲಿಗೆ ಬಂದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಅವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಹೋಗುವಳು. ಫೇಜ್ ಬಂತು. ಅದನ್ನು ಗಾಯಕ್ಕೆ ಹನಿಸುವುದು, ಡಾಕ್ಟರು ಬರೆದ ಔಷಧ ಹೊತ್ತಿಗೆ ಸರಿಯಾಗಿ ಕೊಡುವುದು, ಎಲ್ಲ ಅವಳದೇ. ಗೋಡೆಯಾಚೆ ನೋದಾರಿಯ ನರಳಾಟ ನಮಗೆ ಕೇಳುತ್ತಿತ್ತು. ಅವಳ ಅಳು ಒಮ್ಮೆಯೂ ಕೇಳಲಿಲ್ಲ. ಗಟ್ಟಿಗಿತ್ತಿ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಗಾಯ ಮಾಯಿತು. ತ್ಸಿಯಾಲಾ ತಾನೇ ಮನೆಮನೆಗೆ ಬಂದು ಊಟಕ್ಕೆ ಕರೆದಳು. ನಾನು ಬಿಗುಮಾನದಲ್ಲೇ ಕೂತಿದ್ದೆ. ಏತೇರಿ ನನಗಾಗಿ ಕಾಯದೆ ಹೊರಟಳು, ಮನೆಯಲ್ಲಿದ್ದ ಹಳೇ ಮಾತ್ರೆಗಳನ್ನೆಲ್ಲ ತ್ಸಿಯಾಲಾಗೆ ಒಪ್ಪಿಸಲು ಚೀಲಕ್ಕೆ ತುಂಬಿಕೊಂಡು. ನಾನೂ ಹಿಂದೆಯೇ ಹೋದೆ.

ಊಟದ ಮೇಜಿನಲ್ಲಿ ಲೋಟ ಎತ್ತಿ ಹಾರೈಸುವ ಯಜಮಾನಿಕೆ ಯಾವಾಗಲೂ ನನ್ನದು. ಮೊದಲ ಲೋಟ ದೇವರ ಹೆಸರಿಗೆ. ಎತ್ತಿದೆ, ತ್ಸಿಯಾಲಾಳ ಮುಖ ನೋಡಿದೆ, ಲೋಟವನ್ನು ಅವಳತ್ತ ತಿರುಗಿಸಿದೆ.

“ದೇವರು ಸ್ವಲ್ಪ ಕಾಯ್ಲಿ,” ಅಂದೆ. “ಇದು ನಮ್ಮ ಮುಖದ ಮೇಲೆ ಬಾಗಿಲು ಹಾಕಿದವಳಿಗೆ.”

ಹೆಂಗಸಿನ ಹೆಸರಿಗೆ ಎತ್ತಿದ ಲೋಟವನ್ನು ಗಂಡಸರು ನಿಂತೇ ಕುಡಿಯಬೇಕು. ಎಲ್ಲರಿಗಿಂತ ಮೊದಲು ಎದ್ದು ನಿಂತವನು ನೋದಾರಿ, ತನ್ನ ಎರಡೂ ಕಾಲ ಮೇಲೆ.