ಮೊದಲ ಹಿಡಿ ಶೇಂಗಾ

"ಪ್ಯಾಕಿಂಗ್ ನಿಲ್ಲಸ್ರಿ!" ಎಂದು ಮೊಮ್ಮಗಳು ಸ್ವಾತಿ ಕೂಗಿದಳು. ನಾನು ಆಗಷ್ಟೇ ಶೇಂಗಾ ಜಗಿದು, ಚಲೋ ಆಗಿದೆ ಎಂದು ತಲೆಯಾಡಿಸಿದ್ದೆ. ಮಿರಜದ ನಮ್ಮ ಕಾರ್ಖಾನೆಯಲ್ಲಿ ಪ್ರತಿ ಸಲ ಹುರಿದಾಗ ಮೊದಲ ಹಿಡಿಯನ್ನು ಮನೆಯ ಹಿರಿಯ ಹೆಂಗಸು ತಿಂದು ನೋಡಬೇಕು. ತಳ್ಳುಗಾಡಿಯ ಮೇಲೆ ಉಸುಕಿನಲ್ಲಿ ಹುರಿದು ಮಾರುತ್ತಿದ್ದ ನನ್ನ ಅತ್ತೆ ಹಾಕಿಕೊಟ್ಟ ಪದ್ಧತಿ ಅದು.

ಸ್ವಾತಿ ತಾನೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಉಗುಳಿದಳು. "ಆಜಿ, ಕಾಳು ಕಮಟ ಆಗ್ಯಾವ. ನಿಮಗ ಗೊತ್ತಾಗ್ಲಿಲ್ಲೇನು?"

ಕೆಲಸದ ಹೆಂಗಸರೆಲ್ಲ ನನ್ನನ್ನೇ ನೋಡಿದರು. ಹಲ್ಲು ಕಟ್ಟಿಸಿಕೊಂಡ ಮೇಲೆ ನನಗೆ ರುಚಿ ಸರಿಯಾಗಿ ಹತ್ತುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವಳು ತಡೆಯದಿದ್ದರೆ ಅತ್ತೆಯ ಹೆಸರಿನ ಪಾಕೀಟಿನಲ್ಲೇ ಆ ಕಾಳು ಅಂಗಡಿಗಳಿಗೆ ಹೋಗುತ್ತಿದ್ದವು.

"ಹಲ್ಲಂತೂ ನನ್ನವಲ್ಲ, ನಾಲಿಗೀನೂ ಕೈಕೊಟ್ಟೈತಿ. ಅಷ್ಟೂ ಚೀಲ ತಗಸು. ನಾಳಿಂದ ರುಚಿ ನೋಡಾಕ ಈ ಸ್ಟೂಲಿನ ಮ್ಯಾಲ ನೀನ ಕುಂಡ್ರು" ಎಂದೆ.

ಮದುವೆಯಾಗಿ ಬಂದ ವರ್ಷ ನಾನು ಹುರಿದದ್ದನ್ನು ಅತ್ತೆ ಹೀಗೇ ಎಲ್ಲರೆದುರು ಉಗುಳಿದ್ದರು. ಅವತ್ತು ಅತ್ತಿದ್ದೆ, ಈ ಸಲ ಅಳಲಿಲ್ಲ. ಅತ್ತೆಯ ನಾಲಿಗೆ ಮನೆಯಲ್ಲೇ ಉಳಿದಿದೆ. ಈಗ ಮೊದಲ ಹಿಡಿ ಸ್ವಾತಿಗೆ. ನನಗೆ ಬೆಲ್ಲ ಹಾಕಿ ಕುಟ್ಟಿದ ಶೇಂಗಾ ಬರುತ್ತದೆ, ಅದಕ್ಕೆ ಹಲ್ಲು ಬೇಕಿಲ್ಲ.